ಹೊಟ್ಟೆಗೆ ಬಿಸಿ ತಾಗಿದ ದಿನ

ಯೊಲೀಮಾ ಅಕ್ಕಾ,

ನಿನ್ನಂತೆ ನಾನೂ ಆಪರೇಷನ್ ಮಾಡಿಸಿ ಹೊಟ್ಟೆ ಬಿಗಿ ಮಾಡಿಸಿಕೊಂಡೆ. ಅಂದಿನಿಂದ ಅಲ್ಲಿ ಚರ್ಮ ಮರಗಟ್ಟಿತ್ತು. ಇವತ್ತು ನಾನು ಕೆಲಸ ಮಾಡುವ ಸಲೂನಿನಲ್ಲಿ ನಮ್ಮ ಹಿರಿಯ ಗಿರಾಕಿ ದೋನ್ಯಾ ಒಫೆಲಿಯಾ ಅವರ ತಲೆ ತೊಳೆಯುವಾಗ ಬಿಸಿನೀರು ನನ್ನ ಹೊಟ್ಟೆಯ ಮೇಲೆ ಚೆಲ್ಲಿ ಚುರ್ರೆಂದಿತು. ಖುಷಿಗೆ ಜೋರಾಗಿ ನಕ್ಕುಬಿಟ್ಟೆ.

"ಸುಟ್ಕೊಂಡು ನಗ್ತೀಯಲ್ಲೇ, ಹುಚ್ಚಿ!" ಎಂದು ಅವರು ಗದರಿದರು.

"ನರ ಚಿಗುರ್ತಾ ಇದಾವೆ, ದೋನ್ಯಾ!" ಎಂದೆ. ನೀನು ಬದುಕಿದ್ದಾಗ ಹೇಳುತ್ತಿದ್ದ ಮಾತದು.

ಆಪರೇಷನ್ ಆದಾಗಿನಿಂದ ಇರುವ ತುರಿಕೆ ಮಾತ್ರ ಹೋಗಿಲ್ಲ. ಒಳಗೆಲ್ಲೋ ತುರಿಸುತ್ತದೆ, ಮೇಲೆ ಎಷ್ಟು ಕೆರೆದರೂ ಅಲ್ಲಿಗೆ ಮುಟ್ಟುವುದಿಲ್ಲ. ನೀನು ಇದನ್ನು ಹೊತ್ತುಕೊಂಡೇ ನನ್ನ ಮದುವೆಯಲ್ಲಿ ಸಾಲ್ಸಾ ಕುಣಿದೆಯಲ್ಲ, ಎಂಥ ಗಟ್ಟಿಗಿತ್ತಿ! ನಡುನಡುವೆ ನೀನು ಹೊಟ್ಟೆ ತಟ್ಟಿಕೊಂಡಾಗ, ಅದೂ ಒಂದು ಹೆಜ್ಜೆಯೆಂದುಕೊಂಡು ನಾವೆಲ್ಲ ನಮ್ಮ ಹೊಟ್ಟೆ ತಟ್ಟಿಕೊಂಡೆವು. ನೀನು ಇನ್ನಷ್ಟು ಜೋರಾಗಿ ಕುಣಿದೆ.

ನಿನ್ನ ತಂಗಿ,
ಮಾರ್ಲೆನಿ