ಬೇಲ್ ಬೇಡವೆಂದ ಆವಲಪ್ಪ

ಜೂನ್ 11, 1984. ಸೋಮವಾರ

ಕೋಲಾರದಿಂದ ಶ್ರೀನಿವಾಸಪುರದ ಕೋರ್ಟಿಗೆ ಇವತ್ತೂ ನಿಂತೇ ಪ್ರಯಾಣ. ಬಸ್ಸಿನ ತುಂಬ ಮಾವಿನ ಮಂಕರಿ. ಕರಿ ಕೋಟಿಗೆ ಸೊನೆ ಮೆತ್ತಿದೆ.

ಗೌನಿಪಲ್ಲಿ ಕಡೆಯ ತೋಟದ ಯಜಮಾನ ಚನ್ನರಾಯಪ್ಪ ಕಾಯುತ್ತಿದ್ದರು. ತೋಟದ ಆಳು ಆವಲಪ್ಪ ಸೈಕಲ್ ಕದ್ದನೆಂದು ಕಂಪ್ಲೇಂಟ್ ಕೊಟ್ಟವರು ಇವರೇ. ಈಗ ಅವನಿಗೆ ಬೇಲ್ ಕೊಡಿಸಬೇಕಂತೆ.

"ನಮ್ ಹುಡುಗನೇ ಅಲ್ವೇನಮ್ಮ? ಬುದ್ಧಿ ಬಂದಿರ್ತದೆ. ಜಾಮೀನು ನಾನೇ ನಿಲ್ತೀನಿ. ನಿಮ್ ಫೀಜೂ ನಂದೇ."

ದೊಡ್ಡ ಮನಸ್ಸು ಅನ್ನಿಸಿತು. ಒಪ್ಪಿದೆ.

ಜೂನ್ 12

ಜೈಲಿಗೆ ಹೋಗಿದ್ದೆ. ಹುಡುಗ ಅಂದಿದ್ದರು — ತಲೆ ಅರ್ಧ ನರೆತಿದೆ. ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ. ಜಾಮೀನು ಯಾರೆಂದು ಕೇಳಿದ. ಹೇಳಿದೆ. ಕೈ ಮುಗಿದುಬಿಟ್ಟ.

"ವದ್ದಮ್ಮಾ... ಬೇಲ್ ಬೇಡ. ಕದ್ದೆ ಅಂತ ಬೇಕಾದ್ರೂ ಒಪ್ಕೊಂತೀನಿ. ಇಲ್ಲೇ ಇರ್ತೀನಿ."

"ಯಾಕಪ್ಪಾ, ಮನೇಗೆ ಹೋಗೋದ್ ಬೇಡ್ವಾ?"

"ಅದು ಮನೆ ಅಲ್ಲಮ್ಮ."

ಅಪ್ಪ ಮಾಡಿದ ಸಾಲ. ಅಪ್ಪ ಸತ್ತ ಮೇಲೆ ಅದಕ್ಕೆ ದುಡಿಯುವವನು ಇವನು. ಕೂಲಿಯಿಲ್ಲ, ಹೊಟ್ಟೆಗೆ ಹಿಟ್ಟು ಮಾತ್ರ. ಗಂಡ ಹೆಂಡತಿಯನ್ನು ಒಟ್ಟಿಗೆ ಆಚೆ ಬಿಡುವುದಿಲ್ಲ. ಒಬ್ಬರು ತೋಟದಲ್ಲಿ ಇರಲೇಬೇಕು. ಮಾಲೂರಿನ ಹೆಂಚಿನ ಫ್ಯಾಕ್ಟರಿಯಲ್ಲಿ ಕೆಲಸ ಹುಡುಕಿ ಹೆಂಡತಿ ಮುನಿಗಂಗಮ್ಮನನ್ನು ಕರೆಸಿಕೊಳ್ಳಬೇಕೆಂದು ಹೊರಟಿದ್ದ. ಬಸ್‌ಸ್ಟ್ಯಾಂಡಿನವರೆಗೆ ಯಜಮಾನರ ಸೈಕಲ್ ತುಳಿದ. ಅಷ್ಟೇ ಕಳ್ಳತನ.

ಜೀತ ರದ್ದಾಗಿ ಎಂಟು ವರ್ಷ. ಕಾಯ್ದೆಯನ್ನು ಪರೀಕ್ಷೆಗೆ ಓದಿದ್ದೆ...

ಜೂನ್ 13

ಚನ್ನರಾಯಪ್ಪನವರ ಫೀಜು ವಾಪಸ್ ಕೊಟ್ಟೆ.

"ಲಾಯರಮ್ಮ, ನೀವು ನಮ್ ಕಡೆಯೋರಲ್ವಾ?"

"ವಕಾಲತ್ತು ಕೊಟ್ಟಿರೋದು ಆವಲಪ್ಪ. ನಾನು ಅವನ ಕಡೆ."

ಸಿಟ್ಟಾಗಲಿಲ್ಲ. ನಕ್ಕರು. "ಅವನ ಹೆಂಡ್ರು ತೋಟದಾಗೇ ಅವ್ಳೆ. ನೆನಪಿರ್ಲಿ."

ಮೆಲ್ಲಗೆ ಹೇಳಿದ್ದಕ್ಕೇ ಹೆದರಿಕೆಯಾಯಿತು. ಜೀತದ ಬಗ್ಗೆ ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಬಂದೆ. ಬೇಲ್ ಅರ್ಜಿ ಹಾಕಲಿಲ್ಲ. ಮೊದಲು ಅವಳು ಹೊರಬರಲಿ. ಕಕ್ಷಿದಾರ ಜೈಲಿನಲ್ಲೇ ಇರಲಿ ಅನ್ನುವ ವಕೀಲೆ ನಾನೊಬ್ಬಳೇ ಇರಬೇಕು.

ಜೂನ್ 22

ತಹಸೀಲ್ದಾರರು ಕೊನೆಗೂ ಜೀಪು ಹತ್ತಿದರು. ತೋಟದಲ್ಲಿ ಚನ್ನರಾಯಪ್ಪನವರು ನಮಗೆ ಹಣ್ಣು ಹೆಚ್ಚಿಕೊಟ್ಟರು. ಯಜಮಾನರ ಎದುರಿಗೇ ವಿಚಾರಣೆ.

"ಚೆನ್ನಾಗ್ ನೋಡ್ಕೊಂತಾರಾ?" ತಹಸೀಲ್ದಾರರು ಕೇಳಿದರು.

"ಹೂಂ ಸಾಮಿ." ಮುನಿಗಂಗಮ್ಮ ತಲೆ ಎತ್ತಲಿಲ್ಲ.

ಅವಳೊಬ್ಬಳ ಜತೆಯೇ ಮಾತಾಡಬೇಕೆಂದು ಹಟ ಹಿಡಿದು ಬಾವಿಯ ಕಡೆ ಕರೆದುಕೊಂಡು ಹೋದೆ. ಜೀತ ಅನ್ನುವ ಪದವನ್ನೇ ಎತ್ತಲಿಲ್ಲ.

"ಈಗ್ಲೇ ನನ್ ಜತೆ ಬಂದು ಗಂಡನ್ನ ನೋಡ್ತೀಯಾ?"

"ಕೇಳ್ಬೇಕಮ್ಮ."

"ಕೇಳಿದ್ರೆ ಬಿಡ್ತಾರಾ?"

ಯಜಮಾನರು ಕೂತಿದ್ದ ಕಡೆ ಒಮ್ಮೆ ತಿರುಗಿ ನೋಡಿದಳು. "ಬಿಡಲ್ಲ."

"ಅದನ್ನೇ ತಹಸೀಲ್ದಾರರ ಮುಂದೆ ಹೇಳ್ತೀಯಾ?"

ಸೆರಗಿಗೆ ಕೈ ಒರೆಸಿಕೊಂಡಳು. ನನಗಿಂತ ಮುಂದೆ ನಡೆದಳು. ಹೇಳಿದಳು. ತಹಸೀಲ್ದಾರರು ಬರೆದುಕೊಂಡರು. ಜೀಪು ಹತ್ತುವಾಗ ಅವಳು ಯಾರನ್ನೂ ಕೇಳಲಿಲ್ಲ.

ಜೂನ್ 23

ಮುನಿಗಂಗಮ್ಮ ನಮ್ಮ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಏಳುವಷ್ಟರಲ್ಲಿ ಅಂಗಳ ಗುಡಿಸುತ್ತಿದ್ದಳು. ಪೊರಕೆ ಕಿತ್ತುಕೊಂಡೆ. ಇಬ್ಬರಿಗೂ ನಗು ಬಂತು.

ಜೂನ್ 28

ಬೇಲ್ ಆಯಿತು. ಚನ್ನರಾಯಪ್ಪನವರ ಜಾಮೀನು ಯಾಕೆ ಬೇಡವೆಂದು ಮ್ಯಾಜಿಸ್ಟ್ರೇಟರು ಕೇಳಿದರು. ವಿವರಿಸಿದೆ. ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಜೀತವಿಮುಕ್ತಿ ಪತ್ರವೂ ಸಿಕ್ಕಿದೆ. ಸೈಕಲ್ ಕೇಸು ಇನ್ನೂ ಇದೆ — ನಡೆಸೋಣ. ಗಂಡ ಹೆಂಡತಿ ಮಾಲೂರಿಗೆ ಹೋದರು. ನಾನೇ ಬಸ್ಸು ಹತ್ತಿಸಿದೆ. ಅಕ್ಕಪಕ್ಕ ಕೂತು, ಕಿಟಕಿಯಾಚೆ ನೋಡುತ್ತ ಅತ್ತರು.

ಜುಲೈ 5

ಮುಳಬಾಗಿಲಿನಿಂದ ಒಬ್ಬರು ಬಂದಿದ್ದರು. ಜತೆಗೆ ಕದಿರಮ್ಮ, ಅವರ ರೇಷ್ಮೆ ಮನೆಯ ಕೆಲಸದವಳು. ಒಂದು ಅಫಿಡವಿಟ್ ಆಗಬೇಕಿತ್ತು. ಅವಳ ಹೆಸರು ಕೇಳಿದೆ, ಅವರು ಹೇಳಿದರು. ಊರು ಕೇಳಿದೆ, ಅದನ್ನೂ ಅವರೇ ಹೇಳಿದರು.

ಪೆನ್ನು ಕೆಳಗಿಟ್ಟೆ. "ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ" ಅಂದೆ. ಬಾಗಿಲು ಹಾಕಿ, ಕದಿರಮ್ಮನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಮತ್ತೆ ಮೊದಲಿಂದ ಕೇಳಿದೆ: "ನಿನ್ ಹೆಸ್ರೇನಮ್ಮ?"