ಹೊಗೆಕೊಳವೆಯ ಕಾವು ಹೇಳುವ ಮುಳ್ಳು

ಹುಸೇನಪ್ಪ ಕಾಕಾ,

ಆ ಮೀಟರಿನ ರಗಳೆಗೆ ಒಟ್ಟು ಎಷ್ಟು ಬಿತ್ತು ಅಂತ ನಿನಗೆ ಪೂರ್ತಿ ಹೇಳಿರಲಿಲ್ಲ. ಈಗ ಕೇಳು. ಹೊಸ ವೈರು ಎರಡು ಸಲ. ಮಸ್ಕಿಯ ಬಸಮ್ಮನ ಹೋಟೆಲಿನಲ್ಲಿ ಒಂದು ಬಾಣಲೆ ಎಣ್ಣೆ. ನನ್ನ ಹೆಬ್ಬೆರಳಿನ ಚರ್ಮ. ಅಕ್ಕಿ ತಡವಾಯಿತೆಂದು ಲಿಂಗಸುಗೂರಿನ ವ್ಯಾಪಾರಿ ಬೈದದ್ದು ಬೇರೆ, ಅದಕ್ಕೆ ರಸೀದಿ ಇಲ್ಲ. ಒಂದು ಮುಳ್ಳು ಯಾಕೆ ಮೇಲೇರುತ್ತದೆ ಎಂದು ತಿಳಿಯಲು ಇಷ್ಟೆಲ್ಲ ಖರ್ಚು ಮಾಡಿದ ಲಾರಿ ಮಾಲೀಕ ನಮ್ಮ ಕಡೆ ಇನ್ನೊಬ್ಬ ಇದ್ದಾನೆಯೇ?

ನೀನು ಆ ಮೀಟರನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸಿಂಧನೂರಿನ ಮನೆಗೆ ಬಂದ ಬೆಳಗು ಕಣ್ಣಿಗೆ ಕಟ್ಟಿದ ಹಾಗಿದೆ. ಕಾಲುವೆ ಕೆಲಸದ ದೊಡ್ಡ ಯಂತ್ರವೊಂದು ಗುಜರಿಗೆ ಬಿದ್ದಿತ್ತು, ಅದರಿಂದ ನೀನು ಕಳಚಿ ತಂದಿದ್ದೆ. ಅದರ ಸರಳನ್ನು ಹೊಗೆಕೊಳವೆಯೊಳಗೆ ಕೂರಿಸಿ ವೈರನ್ನು ಕ್ಯಾಬಿನ್ನಿಗೆ ಎಳೆದರೆ, ಹೊಗೆ ಎಷ್ಟು ಕಾದಿದೆ ಎಂದು ಮುಳ್ಳು ಹೇಳುತ್ತದೆ. ಕೆಂಪು ಗೆರೆ ದಾಟಿಯೂ ಓಡಿಸಿದರೆ ಪಿಸ್ಟನ್ ಸುಡುತ್ತದೆ.

"ನಮ್ಮ ಲಾರಿಗೆ ಇದೆಲ್ಲಾ ಯಾಕ ಬೇಕು ಕಾಕಾ?" ಎಂದೆ.

ನೀನು ಸುತ್ತ ನೋಡಿ ದನಿ ತಗ್ಗಿಸಿದೆ. "ಕಿವಿ ಕೈಕೊಟ್ಟಾವ ತಮ್ಮಾ. ಇಂಜಿನ್ ದಣಿಯೋದು ಮೊದಲಿನಂಗ ಕೇಳಸವಲ್ದು."

ಕ್ಲೀನರ್ ಆಗಿ ನಿನ್ನ ಗಾಡಿ ಹತ್ತಿದವನು ನಾನು. ಸದ್ದು ಕೇಳಿ ಗೇರು ಬದಲಿಸುವುದನ್ನು ಕಲಿಸಿದವನು ನೀನು. ಆ ಕಿವಿಯೇ ಹೋದರೆ... ಆದರೂ ಆಗ ನಾನು ಮಾಲೀಕನಲ್ಲವೇ, ಕರಾರು ಹಾಕಿದೆ. "ಮುಳ್ಳು ಖರೆ ಹೇಳಿದ್ರ ಸ್ಟೀರಿಂಗ್ ನಿಂದು. ಸುಳ್ಳು ಹೇಳಿದ್ರ ಬ್ಯಾರೆ ಡ್ರೈವರ್ ಕೂಡಸ್ತೀನಿ, ನೀ ಮನ್ಯಾಗ ಆರಾಮಿರು."

"ಮನ್ಯಾಗ ಕುಂತ್ರ ನಾ ಬಾಳ ದಿನ ಉಳಿಯಂಗಿಲ್ಲ. ಅದನ್ನೂ ಲೆಕ್ಕದಾಗ ಹಿಡಿ," ಎಂದು ನೀನು ಬೀಡಿ ಹಚ್ಚಿದೆ.

ಭತ್ತದ ಸುಗ್ಗಿ ಬಂತು. ಜವಳಗೇರಾದ ಭತ್ತ ಮಿಲ್ಲಿಗೆ, ಮಿಲ್ಲಿನ ಅಕ್ಕಿ ಲಿಂಗಸುಗೂರಿಗೆ. ಅದೇ ಲೋಡು, ಅದೇ ರಸ್ತೆ, ಆದರೆ ಮಸ್ಕಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಮುಳ್ಳು ಕೆಂಪು ಗೆರೆ ಮುಟ್ಟತೊಡಗಿತು, ಮುಟ್ಟಿದಾಗೆಲ್ಲ ನೀನು ಗಾಡಿ ನಿಲ್ಲಿಸಿ ಆರಲು ಬಿಡುತ್ತಿದ್ದೆ. ರೇಡಿಯೇಟರ್ ನೋಡಿದರೆ ನೀರು ಕುದಿಯುತ್ತಿರಲಿಲ್ಲ. ಮೀಟರೇ ಸುಳ್ಳು ಎಂದು ನಾನು ಹಟ ಹಿಡಿದೆ. ಮಾಮೂಲಿ ತಾಮ್ರದ ವೈರು ಹಾಕಿಸಿದರೆ ಮುಳ್ಳು ತೋರಿಸುವ ಲೆಕ್ಕವೇ ತಪ್ಪಿತು. ಆ ಸರಳಿಗೆ ಅದರದೇ ನಮೂನೆಯ ವೈರು ಬೇಕೆಂದು ನೀನು ಹುಡುಕಿ ತಂದೆ. ಮುಳ್ಳು ಮತ್ತೆ ಕೆಂಪಿಗೆ. ಆವತ್ತು ನಿನ್ನ ಮುಖ ನಾನು ನೋಡಲಿಲ್ಲ, ಕಿಟಕಿಯಾಚೆಗೆ ನೋಡುತ್ತ ಕುಳಿತೆ.

ಮಸ್ಕಿಯಲ್ಲಿ ಬಸಮ್ಮ ಮಿರ್ಚಿ ಕರಿಯುತ್ತಿದ್ದಳು. ನೀನು ಸರಳು, ವೈರು, ಮೀಟರು ಎಲ್ಲ ಬಿಚ್ಚಿ ತಂದು, ಮೀಟರನ್ನು ನನ್ನ ತೊಡೆಯ ಮೇಲಿಟ್ಟು, ಮಸಿ ಹತ್ತಿದ ಸರಳನ್ನು ನೇರ ಅವಳ ಬಾಣಲೆಗೆ ಅದ್ದಿಬಿಟ್ಟೆ!

"ಏ ಮುದುಕಾ, ಮಂದಿ ತಿನ್ನೋ ಎಣ್ಯಾಗ ಏನ್ ಅದ್ದಿದೋ!"

"ಎಣ್ಣಿಗೆ ಜ್ವರ ಎಷ್ಟೈತಿ ನೋಡಾಕತ್ತೀನಬೇ."

"ನಿಮ್ಮ ಸಾಹುಕಾರನ ತಲಿಗೆ ಹಚ್ಚಿ ನೋಡು. ಅಲ್ಲಿ ಕಾವು ಜಾಸ್ತಿ ಐತಿ."

ಎಣ್ಣೆಯಲ್ಲಿ ಮುಳ್ಳು ಸ್ವಲ್ಪ ಎದ್ದಿತು. ಒಲೆಯ ಕೆಂಡದಲ್ಲಿ ಜಿಗಿದು ಮೇಲೆ ಹೋಯಿತು. ಹೊರಗೆ ತೆಗೆದ ಸರಳನ್ನು ಅವಸರದಲ್ಲಿ ಮುಟ್ಟಿ ನಾನು ಹೆಬ್ಬೆರಳು ಸುಟ್ಟುಕೊಂಡೆ; ಸರಳು ಆರಿದ ಮೇಲೆ ಮುಳ್ಳು ಮೊದಲಿನ ಜಾಗಕ್ಕೇ ಬಂದು ನಿಂತಿತು. ಇದು ಹುಚ್ಚು ಹಿಡಿದ ಮೀಟರು ನಡೆದುಕೊಳ್ಳುವ ರೀತಿಯೇ? "ಮುಳ್ಳು ಖರೆ ಐತಿ," ಎಂದೆ ನೀನು. "ಹಂಗಾರ ಇಂಜಿನ್ನ ಸುಡಾಕತ್ತೈತಿ ತಮ್ಮಾ."

ಲಾರಿ ಚಾಲೂ ಮಾಡಿ ಹಿಂದೆ ಹೋಗಿ ನೋಡಿದೆವು, ಕಪ್ಪು ಹೊಗೆ. ಡೀಸೆಲ್ ಇದೆ, ಗಾಳಿ ಸಾಲದು. ಇಬ್ಬರೂ ಒಟ್ಟಿಗೇ ಗಾಳಿ ಎಳೆಯುವ ಬಾಯಿಯ ಕಡೆ ತಿರುಗಿದೆವು. ಸುಗ್ಗಿಯಲ್ಲಿ ಮಿಲ್ಲಿನ ಹೊಟ್ಟಿನ ಧೂಳು ಒಳಹೋಗಬಾರದೆಂದು ನಮ್ಮ ಡ್ರೈವರುಗಳು ಅಲ್ಲಿ ಹಳೇ ಸೀರೆಯ ತುಂಡು ಕಟ್ಟುತ್ತಿದ್ದರು, ಲೋಡಿಗೊಮ್ಮೆ ಜಾಡಿಸುತ್ತಿದ್ದರು. ನಿನಗೆ ಇಂಜಿನ್ನಿನ ಮೇಲೆ ಅಕ್ಕರೆ ಹೆಚ್ಚು. ನೀನು ಎರಡು ಪದರ ಕಟ್ಟಿದ್ದೆ. ಮೇಲಿನದನ್ನು ತಪ್ಪದೆ ಜಾಡಿಸಿದ್ದೆ. ಒಳಗಿನದು ಇಬ್ಬನಿ ಕುಡಿದು, ಧೂಳು ತಿಂದು, ಒಣರೊಟ್ಟಿಯಂತೆ ಗಟ್ಟಿಯಾಗಿತ್ತು.

ನೀನು ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ನಿಂತೆ. "ನಾನ ಕಟ್ಟಿದ್ದು," ಎಂದೆ. ಮತ್ತೆ, "ಕಿವಿ ನೆಟ್ಟಗಿದ್ದಿದ್ರ ಗಾಡಿ ಉಸಿರು ಕಟ್ಟಿದ್ದು ಮೊದಲನೇ ಲೋಡಿಗೇ ಕೇಳ್ತಿತ್ತು. ತಗೋ." ಕೀಲಿ ಚಾಚಿದೆ.

ನಾನು ಕೈ ಮುಂದೆ ಮಾಡಲಿಲ್ಲ. ಗಟ್ಟಿಯಾಗಿ, ನಿನಗೆ ಕೇಳುವ ಹಾಗೆ ಹೇಳಿದೆ. "ನಿನ್ನ ಕಿವಿ ತಪ್ಪೈತಿ, ಮುಳ್ಳು ತಪ್ಪಿಲ್ಲ. ಕರಾರು ಆಗಿದ್ದು ಮುಳ್ಳಿನ ಮ್ಯಾಲ. ಗಾಡಿ ಹತ್ತು."

ಮಸ್ಕಿ ದಾಟಿದ ಏರಿನಲ್ಲಿ ನೀನು ಮುಳ್ಳನ್ನು ನೋಡುತ್ತಿದ್ದೆ, ನಾನು ನಿನ್ನನ್ನು. ಅದು ಕೆಂಪಿನ ಹತ್ತಿರಕ್ಕೂ ಹೋಗಲಿಲ್ಲ. ಲಿಂಗಸುಗೂರು ಬರುವವರೆಗೆ ನಿನ್ನ ಮೀಸೆಯಡಿಯ ನಗು ಆರಲಿಲ್ಲ.

ಇನ್ನು ನಿನಗೆ ಮುಟ್ಟದ ಸುದ್ದಿ. ನೀನು ತೀರಿಹೋದ ಮರುಬೇಸಿಗೆಯಲ್ಲಿ ಆ ಇಂಜಿನ್ ಬಿಚ್ಚಿಸಿದೆ. ಸಿಂಧನೂರಿನ ಮಿಸ್ತ್ರಿ ಪಿಸ್ಟನ್ನುಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಯಾರ ಕೈಯಾಗಿತ್ರೀ ಈ ಗಾಡಿ? ಒಂದು ಸುಟ್ಟ ಕಲೆ ಇಲ್ಲಲ್ರೀ!" ಕಿವುಡನ ಕೈಯಲ್ಲಿತ್ತು ಎಂದೆ. ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕುಬಿಟ್ಟ.

ಯಾರಿಗೆ ಏನು ದಕ್ಕಿತು ಅಂತ ಬರೆದು ಮುಗಿಸುತ್ತೇನೆ. ಬಸಮ್ಮನಿಗೆ, ಗಿರಾಕಿಗಳಿಗೆ ಹೇಳಿ ನಗಿಸಲು ಒಂದು ಕಥೆ. ಇಂಜಿನ್ನಿಗೆ ಗಾಳಿ. ನನಗೆ, ಇನ್ನಷ್ಟು ವರ್ಷ ನಿನ್ನ ಪಕ್ಕದ ಸೀಟು. ನಿನಗೆ ಸ್ಟೀರಿಂಗ್, ಸಾಕು ಎಂದು ನೀನೇ ಇಳಿಯುವವರೆಗೆ.