ಬಟ್ಟಿ ನೀರಿನಲ್ಲೂ ಸಿಕ್ಕಿದ ವಿಷ

ಮಾನ್ಯ ಕುಲಪತಿಗಳೇ,

ಬರುವ ಸೋಮವಾರದೊಳಗೆ ಒಂದು ಸುಳ್ಳಿಗೆ ಸಹಿ ಹಾಕಬೇಕು, ಇಲ್ಲದಿದ್ದರೆ ನಾಲ್ಕು ವರ್ಷದ ಪಿಎಚ್‌ಡಿ ನೋಂದಣಿ ರದ್ದು ಎಂದು ಪ್ರೇಕ್ಷಾ ಎಂಬ ಹುಡುಗಿಗೆ ನಿಮ್ಮ ಕಚೇರಿಯಿಂದ ಪತ್ರ ಬಂದಿದೆ. ಅವಳ ಅಪರಾಧವನ್ನು ಎರಡು ಪುಟ ತುಂಬಾ ವರ್ಣಿಸಿದ್ದೀರಿ. ಆದರೆ ಅಪರಾಧ ಮಾಡಿದ್ದು ನಾನು. ಆ ಎರಡು ಪುಟದಲ್ಲಿ ನನ್ನ ಹೆಸರು ಒಂದು ಕಡೆಯೂ ಇಲ್ಲ. ಅದಕ್ಕೇ ಊರಿಗೆಲ್ಲ ಕಾಣುವ ಹಾಗೆ ಈ ಪತ್ರ.

ನಾನು ನಿಮ್ಮ ಆಡಳಿತಕ್ಕೆ ಸೇರಿದ, ಕುಂದಾಪುರದ ಹತ್ತಿರದ ಒಂದು ಸಂಶೋಧನಾ ಕೇಂದ್ರದ ರಸಾಯನಶಾಸ್ತ್ರ ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಟೆಂಡರ್. ಬಾಟಲಿ ತೊಳೆಯುತ್ತೇನೆ, ನೀರು ಕುದಿಸಿ ಶುದ್ಧ ಬಟ್ಟಿ ನೀರು ಇಳಿಸುತ್ತೇನೆ, ಮುಖ್ಯಸ್ಥರಿಗೆ ಚಹಾ ಕೊಡುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ವಿಚಾರಣಾ ಸಮಿತಿಯ ಮೂವರು ನನ್ನಲ್ಲಿ ಕೇಳಿದ್ದೂ ಅದೊಂದೇ ಪ್ರಶ್ನೆ.

ನಮ್ಮಲ್ಲಿ ಒಂದು ಯಂತ್ರವಿದೆ. ಅದಕ್ಕೊಂದು ಪೆನ್ಸಿಲಿನಂಥ ಕಡ್ಡಿ, ಕಡ್ಡಿಯ ತುದಿಯಲ್ಲಿ ಕರಿಮೆಣಸಿನ ಕಾಳಿನಷ್ಟು ಹೊಳೆಯುವ ಇಂಗಾಲದ ಚುಕ್ಕೆ. ಎಲೆಕ್ಟ್ರೋಡ್ ಎನ್ನುತ್ತಾರೆ. ಅದನ್ನು ನೀರಿಗೆ ಅದ್ದಿ ವೋಲ್ಟೇಜ್ ಏರಿಸುತ್ತಾ ಹೋದರೆ, ನೀರಿನಲ್ಲಿ ಬೆರೆತ ವಸ್ತುವಿಗೆ ತಕ್ಕ ಹಾಗೆ ಕಂಪ್ಯೂಟರಿನಲ್ಲಿ ಗೆರೆ ಗುಡ್ಡದಂತೆ ಏಳುತ್ತದೆ. ಗುಡ್ಡ ಎದ್ದ ಜಾಗ ನೋಡಿ ಅದು ಯಾವ ವಸ್ತು ಎಂದೂ, ಎತ್ತರ ನೋಡಿ ಎಷ್ಟಿದೆ ಎಂದೂ ಹೇಳುತ್ತಾರೆ. ಆದರೆ ಅಳೆಯುವ ಮುಂಚೆ ಚುಕ್ಕೆಯನ್ನು ಬಿಳಿ ಪುಡಿ ಹಾಕಿದ ಬಟ್ಟೆಯ ಮೇಲೆ ಕನ್ನಡಿಯ ಹಾಗೆ ಉಜ್ಜಬೇಕು. ಆಮೇಲೆ ಬಟ್ಟಿ ನೀರಿಗೆ ಬೇಕಾದ ಉಪ್ಪು ಮಾತ್ರ ಹಾಕಿ ಒಂದು ಖಾಲಿ ಪರೀಕ್ಷೆ ಮಾಡಬೇಕು. ಖಾಲಿಯಲ್ಲಿ ಗುಡ್ಡ ಎದ್ದರೆ ಕೊಳೆ ನೀರಿನಲ್ಲಿಲ್ಲ, ಕಡ್ಡಿಯಲ್ಲಿದೆ. ಈ ಪಾಠವನ್ನು ನಮ್ಮ ಮುಖ್ಯಸ್ಥರು ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಹೇಳುವುದನ್ನು ಬಾಗಿಲ ಬಳಿ ನಿಂತು ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ.

ಕಳೆದ ವರ್ಷ ಆಯುಧಪೂಜೆಗೆ ಎಂದಿನಂತೆ ಯಂತ್ರಗಳನ್ನೆಲ್ಲ ಒರೆಸಿ, ಸೇವಂತಿಗೆ ಇಟ್ಟು, ಅರಶಿನ ಕುಂಕುಮ ಹಚ್ಚಿದವಳು ನಾನೇ. ಈ ಯಂತ್ರದಲ್ಲಿ ಆ ಕಪ್ಪು ಚುಕ್ಕೆಯೇ ಸರ್ವಸ್ವ, ಉಳಿದದ್ದು ಬರೀ ಡಬ್ಬಿ ಎಂದು ಮುಖ್ಯಸ್ಥರೇ ಯಾವತ್ತೂ ಹೇಳುತ್ತಿದ್ದರು. ಸರ್ವಸ್ವಕ್ಕೆ ಬೊಟ್ಟಿಡದೆ ಡಬ್ಬಿಗೆ ಇಡುವುದು ಹೇಗೆ? ಅರಶಿನ ಕಲಸಿ, ಉಂಗುರದ ಬೆರಳಿನಲ್ಲಿ, ಭಕ್ತಿಯಿಂದಲೇ ಆ ಚುಕ್ಕೆಗೆ ಹಚ್ಚಿದೆ. ಇದು ನನ್ನ ತಪ್ಪು.

ಹಬ್ಬದ ರಜೆಗೆ, ನಮ್ಮ ವಿಭಾಗದಲ್ಲೇ ಸಂಶೋಧನೆ ಮಾಡುವ ಪ್ರೇಕ್ಷಾ ಶಿರೂರಿನ ಮನೆಗೆ ಹೋಗಿದ್ದಳು. ಯಾವುದೋ ಸಮ್ಮೇಳನಕ್ಕೆ ಪ್ರಬಂಧದ ಸಾರ ಕಳಿಸುವ ಗಡಿಬಿಡಿಯಲ್ಲಿದ್ದ, ಅವಳ ಮಾರ್ಗದರ್ಶಕರೂ ಆದ ಮುಖ್ಯಸ್ಥರು, ಅವಳು ತಂದಿಟ್ಟಿದ್ದ ಹನ್ನೆರಡು ಬಾವಿಗಳ ನೀರನ್ನು ತಾವೇ ಅಳೆಯಲು ಕುಳಿತರು. ಕಡ್ಡಿಯನ್ನು ಒಮ್ಮೆ ನೀರಿನಲ್ಲಿ ಅಲ್ಲಾಡಿಸಿದರು, ಅಷ್ಟೇ. ಉಜ್ಜಲಿಲ್ಲ, ಖಾಲಿ ಪರೀಕ್ಷೆಯೂ ಇಲ್ಲ. ಬಾಟಲಿಗಳನ್ನು ಸಾಲಾಗಿ ಇಟ್ಟವಳು ನಾನು: ಮೊದಲು ಬ್ರಹ್ಮಾವರ, ಆಮೇಲೆ ಕುಂದಾಪುರ, ನಾವುಂದ, ಬೈಂದೂರು, ಕೊನೆಗೆ ಶಿರೂರು. ಹನ್ನೆರಡರಲ್ಲೂ ಗುಡ್ಡ ಎದ್ದಿತು. ಪ್ಲಾಸ್ಟಿಕ್ಕಿನಿಂದ ನೀರಿಗಿಳಿಯುವ ಒಂದು ವಿಷದ ಗುಡ್ಡ ಅದರ ಹತ್ತಿರವೇ ಬರುತ್ತದಂತೆ. ಸಾಕಾಯಿತು. ಬ್ರಹ್ಮಾವರದಲ್ಲಿ ವಿಷ ಅತಿ ಹೆಚ್ಚು, ಉತ್ತರಕ್ಕೆ ಹೋದಂತೆ ಕಡಿಮೆ, ಶಿರೂರಿನಲ್ಲಿ ಅತಿ ಕಡಿಮೆ ಎಂದು ಕೆಂಪು ಹಳದಿ ಬಣ್ಣದಲ್ಲಿ ನಕ್ಷೆಯೂ ತಯಾರಾಯಿತು. ದಕ್ಷಿಣದ ಕಡೆ ಪ್ಲಾಸ್ಟಿಕ್ ಬಳಕೆ ಜಾಸ್ತಿ ಎಂಬ ಕಾರಣವೂ ಸಿಕ್ಕಿತು. ಒಂದೊಂದು ಬಾಟಲಿಗೆ ಅದ್ದಿದಾಗಲೂ ನನ್ನ ಅರಶಿನ ಸ್ವಲ್ಪ ಸ್ವಲ್ಪ ತೊಳೆದುಹೋಗುತ್ತಿತ್ತು ಸ್ವಾಮಿ! ನಾನು ಶಿರೂರಿನ ಬಾಟಲಿಯನ್ನು ಮೊದಲು ಇಟ್ಟಿದ್ದರೆ ನಿಮ್ಮ ನಕ್ಷೆ ತಲೆಕೆಳಗಾಗುತ್ತಿತ್ತು.

ಪ್ರೇಕ್ಷಾ ರಜೆ ಮುಗಿಸಿ ಬಂದವಳು ಮಾಡಿದ ಮೊದಲ ಕೆಲಸ ಖಾಲಿ ಪರೀಕ್ಷೆ. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು. ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

"ಚಂದ್ರಕ್ಕ, ಎಂತದೂ ಇಲ್ದಿದ್ ನೀರಗೂ ಅದೇ ಗುಡ್ಡ ಬತ್ತಿತ್, ಕಾಣಿ."

ಪರದೆಯಲ್ಲಿ ಸಣ್ಣದಾಗಿ, ಅದೇ ಜಾಗದಲ್ಲಿ ಎದ್ದು ನಿಂತಿತ್ತು. ನಾನೇ ಬೆಳಿಗ್ಗೆ ಇಳಿಸಿದ ಬಟ್ಟಿ ನೀರು ಅದು. ಆಗ ನನಗೆ ಹೊಳೆದದ್ದು ಪೂಜೆ. ಹೇಳಿದೆ. ಅವಳು ಬೈಯಲಿಲ್ಲ, ನಗಲೂ ಇಲ್ಲ. ಕಡ್ಡಿಯನ್ನು ಚೆನ್ನಾಗಿ ಉಜ್ಜಿ ಮತ್ತೆ ಅದ್ದಿದಳು: ಗುಡ್ಡ ಮಾಯ. ಉಳಿಸಿಟ್ಟಿದ್ದ ಬಾವಿನೀರಿಗೆ ಒಂದೊಂದಾಗಿ ಅದ್ದಿದಳು: ಹನ್ನೆರಡರಲ್ಲೂ ಇಲ್ಲ. ಪೂಜೆಗೆಂದು ನಾನು ತಂದಿಟ್ಟಿದ್ದ ಭರಣಿಯಿಂದ ಚಿಟಿಕೆ ಅರಶಿನ ತೆಗೆದು ಚುಕ್ಕೆಗೆ ಹಚ್ಚಿ ಅದ್ದಿದಳು: ಬ್ರಹ್ಮಾವರಕ್ಕಿಂತ ದೊಡ್ಡ ಗುಡ್ಡ. ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು.

ಅವಳು ನೇರ ಮುಖ್ಯಸ್ಥರಲ್ಲಿ ಹೋಗಿ ಹೇಳಿದಳು. ಪ್ರಬಂಧ ಆಗ ಇನ್ನೂ ಹೊರಗೆ ಹೋಗಿರಲಿಲ್ಲ. ಅವರು ಕೇಳಿಸಿಕೊಂಡು, ಯೋಚಿಸುತ್ತೇನೆ ಎಂದರು. ಯೋಚಿಸಿ ಕಳಿಸಿಬಿಟ್ಟರು, ಅವಳ ಹೆಸರನ್ನೂ ಸೇರಿಸಿ. ಮುಂದೆ ಪೇಪರಿನಲ್ಲಿ ಫೋಟೋ, ಶಾಲು, ಹಾರ. ನನ್ನ ಪಕ್ಕದ ಮನೆಯ ವನಜ ಅದನ್ನು ಓದಿ ಹೆದರಿ, ನಾವುಂದದ ತನ್ನ ಸಿಹಿನೀರಿನ ಬಾವಿಗೆ ಹಲಗೆ ಮುಚ್ಚಿ, ಈಗ ಅಂಗಡಿಯ ಕ್ಯಾನ್ ನೀರು ಕುಡಿಯುತ್ತಿದ್ದಾಳೆ. ಪ್ಲಾಸ್ಟಿಕ್ ವಿಷಕ್ಕೆ ಹೆದರಿ ಪ್ಲಾಸ್ಟಿಕ್ ಕ್ಯಾನಿನ ನೀರು. ಇದನ್ನು ಸಂಶೋಧನೆಯ ಸಾಮಾಜಿಕ ಪ್ರಯೋಜನ ಎಂಬ ಕಾಲಮ್ಮಿನಲ್ಲಿ ಬರೆದುಕೊಳ್ಳಬಹುದು.

ತನ್ನ ಹೆಸರು ತೆಗೆಯಿರಿ ಎಂದು ಪ್ರೇಕ್ಷಾ ಬರೆದು ಕೊಟ್ಟದ್ದಕ್ಕೆ ಮುಖ್ಯಸ್ಥರಿಂದ ಅವಳ ಮೇಲೆ ದೂರು ಹೋಯಿತು. ಏನಂತ? ಅನುಮತಿಯಿಲ್ಲದೆ ಎಲೆಕ್ಟ್ರೋಡ್ ಉಜ್ಜಿ, ಅದರ ಮೇಲಿದ್ದ ಅಮೂಲ್ಯ ಸೂಕ್ಷ್ಮ ಲೇಪನವನ್ನು ನಾಶಪಡಿಸಿದ್ದಾಳಂತೆ. ಆ ಲೇಪನ ಯಾವುದೆಂದು ನಿಮಗೆ ಗೊತ್ತೇ? ನಮ್ಮ ಅಡುಗೆಮನೆಯಲ್ಲಿ ಒಂದು ಭರಣಿ ತುಂಬಾ ಇದೆ, ಬೇಕಾದರೆ ಕಳಿಸಿಕೊಡುತ್ತೇನೆ.

ವಿಚಾರಣೆಗೆ ಬಂದ ನಿಮ್ಮ ಸಮಿತಿ ಅತಿಥಿಕೋಣೆಯಲ್ಲಿ ಕುಳಿತು ನೀರುದೋಸೆ, ಬಂಗುಡೆ ಸಾರು ಮುಗಿಸಿತು. ಬಡಿಸಿದ್ದು ನಾನೇ. ಯಂತ್ರ ಇರುವುದು ಅಲ್ಲಿಂದ ಹತ್ತು ಹೆಜ್ಜೆ. ಒಬ್ಬರೂ ಏಳಲಿಲ್ಲ. ನಾನು ಕರೆಯದೆ ಹೋಗಿ, ಅರಶಿನ ಹಚ್ಚಿದವಳು ನಾನು, ಬನ್ನಿ ತೋರಿಸುತ್ತೇನೆ ಎಂದೆ. ಏನು ಓದಿದ್ದೀರಿ ಎಂದು ಕೇಳಿದರು. ಹೇಳಿದೆ. ಪೂಜೆಯ ವಿಚಾರವನ್ನು ವರದಿಯಲ್ಲಿ ಬರೆದರೆ ಸೂಕ್ಷ್ಮವಾಗುತ್ತದೆ, ಭಾವನೆಗಳ ಪ್ರಶ್ನೆ ಎಂದು ಒಬ್ಬರು ಪೆನ್ನು ಮುಚ್ಚಿದರು. ಹಚ್ಚಿದವಳ ಭಾವನೆ ಏನೆಂದು ಯಾರೂ ಕೇಳಲಿಲ್ಲ. ಅಸಹ್ಯ, ಮಾನ್ಯರೇ, ಅಷ್ಟೇ. ಬಂಗುಡೆಯ ಮುಳ್ಳು ತೆಗೆಯುವಾಗ ಇದ್ದ ಗಮನ ಒಂದು ಹುಡುಗಿಯ ನಾಲ್ಕು ವರ್ಷದ ಮೇಲೆ ಇರಲಿಲ್ಲ. ಆ ಎಲೆಗಳನ್ನು ಎತ್ತಿದವಳೂ ನಾನೇ.

ಗುಡ್ಡ ನಿಜ, ಖಾಲಿ ಪರೀಕ್ಷೆಯಲ್ಲಿ ಕಂಡದ್ದು ತನ್ನ ಕೈತಪ್ಪು ಎಂದು ಅವಳು ಬರೆದು ಕೊಡಬೇಕಂತೆ. ವಿಜ್ಞಾನದಲ್ಲಿ ಅವಳು ಸರಿಯಾಗಿ ಮಾಡಿದ ಒಂದೇ ಕೆಲಸವನ್ನು ತಪ್ಪೆಂದು ಒಪ್ಪಿಕೊಂಡರೆ ನೀವು ಅವಳಿಗೆ ವಿಜ್ಞಾನದ ಡಾಕ್ಟರ್ ಪದವಿ ಕೊಡುತ್ತೀರಿ. ಇದನ್ನು ಟೈಪ್ ಮಾಡಿಸುವಾಗ ನಿಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಹೇಸಿಗೆಯಾಗಲಿಲ್ಲವೇ?

ನನ್ನ ಬೇಡಿಕೆ ದೊಡ್ಡದಲ್ಲ. ಆ ಕಡ್ಡಿಯನ್ನು ನಿಮ್ಮೆದುರು ಉಜ್ಜಿಸಿ, ಹನ್ನೆರಡು ಬಾವಿಯ ನೀರನ್ನು ಮತ್ತೆ ಅಳೆಯಿಸಿ. ಅರ್ಧ ದಿನದ ಕೆಲಸ. ಶಿಕ್ಷೆ ಕೊಡಲೇಬೇಕಿದ್ದರೆ ನನ್ನನ್ನು ಅಮಾನತು ಮಾಡಿ. ಆದರೆ ಸೋಮವಾರದ ಮುಂಚೆ ಮಾಡಿ. ಯಾಕೆಂದರೆ ನಿನ್ನೆ ಸಂಜೆ ಅವಳು ಫೋನ್ ಮಾಡಿದ್ದಳು. ನಾಲ್ಕು ತಿಂಗಳು ಜಗ್ಗದಿದ್ದ ಹುಡುಗಿ ಮೆಲ್ಲಗೆ ಹೇಳಿದ್ದಿಷ್ಟೇ:

"ಸಾಕಾಯ್ತ್ ಚಂದ್ರಕ್ಕ. ಸೋಮವಾರ ಹೋಯಿ ಸಹಿ ಹಾಕಿ ಬತ್ತೆ."

ಬೇಡ ಎಂದು ನಾನು ಹೇಳಿದರೆ ನಡೆಯುವುದಿಲ್ಲ. ಆ ಮಾತು ಹೇಳುವ ಅಧಿಕಾರ ಇರುವುದು ನಿಮಗೆ. ಅವಳು ನಿಮ್ಮ ಮೇಜಿನೆದುರು ನಿಂತು ಪೆನ್ನು ಕೇಳಿದಾಗ, ದಯವಿಟ್ಟು ಕೊಡಬೇಡಿ.

ಇಂತಿ,
ತಪ್ಪು ಒಪ್ಪಿಕೊಂಡರೂ ಯಾರೂ ಬರೆದುಕೊಳ್ಳದ
ಅಟೆಂಡರ್ ಚಂದ್ರಾವತಿ, ನಾವುಂದ